ಭಾರತವನ್ನು ನೆಚ್ಚದೆ ನೇಪಾಳ ಬದುಕಬಹುದೇ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ನೇಪಾಳದವರು. 2015ರಲ್ಲಿ ಅವರ ಊರಲ್ಲಿ ತಿಂಗಳುಗಟ್ಟಲೆ ಗ್ಯಾಸ್, ಪೆಟ್ರೋಲ್ ಸಿಗದೆ ಸೌದೆ ಒಲೆಯಲ್ಲಿ ಅಡುಗೆ ಮಾಡಿದ್ದರಂತೆ. ಅದಕ್ಕೆ ಭಾರತವೇ ಕಾರಣ ಅಂತ ಅವರು ಹೇಳುತ್ತಾರೆ. ಕೇಳಿ ಬೇಜಾರಾಯಿತು. ಇಷ್ಟು ಸಣ್ಣ ದೇಶ ನಮ್ಮಂಥ ದೊಡ್ಡ ನೆರೆದೇಶವನ್ನು ನೆಚ್ಚಿಕೊಳ್ಳದೆ ತನ್ನ ಕಾಲ ಮೇಲೆ ನಿಲ್ಲಲು ಆಗುತ್ತದೆಯೇ? ಚೀನಾ ಕಡೆಗೆ ಒಂದು ದಾರಿ ಮಾಡಿಕೊಂಡರೆ ಸಾಕಲ್ಲವೇ? ಇನ್ನೊಂದು ಮಾತು: ನೇಪಾಳ ನಮ್ಮನ್ನೇ ನೆಚ್ಚಿಕೊಂಡಿದ್ದರೆ ಅದು ನಮಗೆ ಒಳ್ಳೆಯದೇ ತಾನೆ?

ಉತ್ತರ: ನಿಮ್ಮ ಸೆಕ್ಯೂರಿಟಿಯವರು ಹೇಳಿದ್ದರಿಂದಲೇ ಶುರು ಮಾಡೋಣ. ಒಲೆಯ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜ. ಯಾರು ಕಾರಣ ಅನ್ನುವುದು ಸ್ವಲ್ಪ ತೊಡಕಿನ ವಿಷಯ.

2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಭಾರಿ ಭೂಕಂಪವಾಯಿತು. ಸುಮಾರು 9,000 ಜನ ಸತ್ತರು. ಐದು ತಿಂಗಳೂ ಕಳೆದಿರಲಿಲ್ಲ, ಸೆಪ್ಟೆಂಬರ್ 20ಕ್ಕೆ ದೇಶ ಹೊಸ ಸಂವಿಧಾನ ಜಾರಿಗೆ ತಂದಿತು. ಭಾರತದ ಗಡಿಗೆ ಅಂಟಿಕೊಂಡಿರುವ ತೆರಾಯಿ ಬಯಲಿನ ಮಧೇಶಿಗಳು ಮತ್ತು ಥಾರುಗಳು ಅದನ್ನು ಒಪ್ಪಲಿಲ್ಲ. ಪ್ರಾಂತ್ಯಗಳ ಗಡಿ ಹಾಕಿದ ರೀತಿಯಲ್ಲಿ, ಪೌರತ್ವದ ನಿಯಮಗಳಲ್ಲಿ ತಮಗೆ ಅನ್ಯಾಯವಾಗಿದೆ ಅಂತ ಬೀದಿಗಿಳಿದರು. ಬಿಹಾರದ ರಕ್ಸೌಲ್ ಮತ್ತು ನೇಪಾಳದ ಬೀರ್‌ಗಂಜ್ ನಡುವೆ ಒಂದು ಸೇತುವೆ ಇದೆ. ನೇಪಾಳಕ್ಕೆ ಹೋಗುವ ಸರಕಿನಲ್ಲಿ ದೊಡ್ಡ ಪಾಲು ದಾಟುವುದೇ ಅಲ್ಲಿ. ಆ ಸೇತುವೆಯ ಮೇಲೆ ಧರಣಿ ಕೂತರು. ಲಾರಿಗಳು ಭಾರತದ ಕಡೆಯಲ್ಲಿ ಸಾಲುಗಟ್ಟಿ ನಿಂತವು.

ಆ ಸಂವಿಧಾನದ ಬಗ್ಗೆ ದೆಹಲಿಗೂ ಅಸಮಾಧಾನವಿತ್ತು. ಅದನ್ನು ದೆಹಲಿ ಮುಚ್ಚಿಡಲೂ ಇಲ್ಲ. ನಾವು ಏನನ್ನೂ ತಡೆದಿಲ್ಲ, ಗಲಭೆಯಿಂದಾಗಿ ಚಾಲಕರು ಆಚೆ ಹೋಗಲು ಹೆದರುತ್ತಿದ್ದಾರೆ ಅನ್ನುವುದು ಭಾರತ ಸರ್ಕಾರದ ಅಧಿಕೃತ ಮಾತಾಗಿತ್ತು. ಆದರೆ ಧರಣಿಯೇ ಇಲ್ಲದ ಗಡಿ ದಾರಿಗಳಲ್ಲೂ ಇಂಧನದ ಟ್ಯಾಂಕರ್‌ಗಳು ಸರಿಯಾಗಿ ದಾಟುತ್ತಿರಲಿಲ್ಲ. ಹಾಗಾಗಿ ನೇಪಾಳದಲ್ಲಿ ಈ ಮಾತನ್ನು ನಂಬಿದವರು ಕಡಿಮೆ. ನನ್ನ ಅಭಿಪ್ರಾಯ ಕೇಳಿದರೆ, ಧರಣಿ ಕೂತವರ ಸಿಟ್ಟು ಅಸಲಿ, ದೆಹಲಿಯ ಒತ್ತಡವೂ ಅಸಲಿ. ಎರಡೂ ಒಂದೇ ಸೇತುವೆಯ ಮೇಲೆ ಸೇರಿಕೊಂಡವು. ಆ ಸೇತುವೆ ಮತ್ತೆ ತೆರೆದದ್ದು 2016ರ ಫೆಬ್ರವರಿಯಲ್ಲಿ.

ಆ ನಾಲ್ಕೂವರೆ ತಿಂಗಳು ಹೇಗಿತ್ತು? ಗ್ಯಾಸ್ ಸಿಲಿಂಡರುಗಳನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಿದ್ದರು. ಅದಕ್ಕೂ ದೊಡ್ಡ ಸರದಿ. ಖಾಸಗಿ ವಾಹನಗಳಿಗೆ ಪೆಟ್ರೋಲ್ ಸಿಗುವುದೇ ಅಪರೂಪ. ಬಸ್ಸುಗಳ ಮಾಡಿನ ಮೇಲೆಲ್ಲ ಜನ. ಭೂಕಂಪದಲ್ಲಿ ಮನೆ ಕಳೆದುಕೊಂಡವರು ಚಳಿಗಾಲದಲ್ಲಿ ತಗಡಿನ ಶೆಡ್ಡುಗಳಲ್ಲಿದ್ದರು. ಅವರಿಗೆ ಹೋಗಬೇಕಾದ ಸಾಮಾನು ದಾರಿಯಲ್ಲೇ ಉಳಿಯಿತು. ಇಂಧನ, ಆಹಾರ, ಔಷಧಿಗಳ ಕೊರತೆಯಿಂದ ಐದು ವರ್ಷದೊಳಗಿನ 30 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಅಪಾಯವಿದೆ ಅಂತ ಯುನಿಸೆಫ್ ಎಚ್ಚರಿಸಿತು. ಮಕ್ಕಳನ್ನು ಹೀಗೆ ನಡುವೆ ಸಿಕ್ಕಿಸಿದ ರಾಜಕೀಯವನ್ನು ನಾನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಅದು ನಮ್ಮ ದೇಶದ್ದಾದರೂ ಸರಿ.

ಇದು ಮೊದಲ ಸಲವೂ ಅಲ್ಲ. 1988ರಲ್ಲಿ ನೇಪಾಳ ಚೀನಾದಿಂದ ವಿಮಾನ ಹೊಡೆಯುವ ತೋಪುಗಳನ್ನು ಕೊಂಡಿತು. ನೇಪಾಳದಲ್ಲಿ ಕೆಲಸ ಮಾಡುವ ಭಾರತೀಯರಿಗೆ ಪರವಾನಗಿ ಬೇಕು ಅಂತ ನಿಯಮವನ್ನೂ ಮಾಡಿತ್ತು. ರಾಜೀವ್ ಗಾಂಧಿ ಸರ್ಕಾರ ಕೆರಳಿತು. 1989ರ ಮಾರ್ಚ್ 23ಕ್ಕೆ ವ್ಯಾಪಾರ ಮತ್ತು ಸಾಗಣೆ ಒಪ್ಪಂದಗಳ ಅವಧಿ ಮುಗಿದಾಗ ಅವನ್ನು ನವೀಕರಿಸಲಿಲ್ಲ. ಗಡಿಯ ದಾರಿಗಳಲ್ಲಿ ಎರಡನ್ನು ಬಿಟ್ಟು ಉಳಿದವೆಲ್ಲ ಮುಚ್ಚಿದವು. ಸೀಮೆಎಣ್ಣೆ ಸಿಗದೆ ಜನ ಕಾಡು ಕಡಿದು ಸೌದೆ ತಂದರು. ಈ ಬಿಕ್ಕಟ್ಟು ಒಂದು ವರ್ಷಕ್ಕೂ ಮೀರಿ ಎಳೆಯಿತು. ಅಷ್ಟರಲ್ಲಿ ರಾಜ ಬೀರೇಂದ್ರರ ಪಂಚಾಯತ್ ವ್ಯವಸ್ಥೆಯ (ಅಂದರೆ ಪಕ್ಷಗಳಿಗೆ ಅವಕಾಶವಿಲ್ಲದ ಅರಸನ ಆಡಳಿತದ) ವಿರುದ್ಧ ಜನಾಂದೋಲನ ಎದ್ದು 1990ರ ಏಪ್ರಿಲ್‌ನಲ್ಲಿ ಬಹುಪಕ್ಷ ಪ್ರಜಾಪ್ರಭುತ್ವ ಬಂತು. ಹೊಸ ಪ್ರಧಾನಿ ಕೃಷ್ಣಪ್ರಸಾದ್ ಭಟ್ಟರಾಯ್ ಜೂನ್‌ನಲ್ಲಿ ದೆಹಲಿಗೆ ಬಂದು ಮಾತಾಡಿದ ಮೇಲೆ ಗಡಿ ಮತ್ತೆ ಮೊದಲಿನಂತಾಯಿತು.

ಇಷ್ಟು ಬಿಗಿ ಹಿಡಿತ ಬಂದದ್ದು ಎಲ್ಲಿಂದ? ನಕ್ಷೆ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಪೂರ್ವ, ಪಶ್ಚಿಮ, ದಕ್ಷಿಣ, ಮೂರೂ ಕಡೆ ಭಾರತ. ಉತ್ತರಕ್ಕೆ ಹಿಮಾಲಯ, ಅದರಾಚೆ ಟಿಬೆಟ್. ಸಮುದ್ರವಿಲ್ಲ. ಸಮುದ್ರವಿಲ್ಲದ ದೇಶಗಳಿಗೆ ನೆರೆಯವರ ನೆಲದ ಮೂಲಕ ಬಂದರಿಗೆ ಹೋಗುವ ಹಕ್ಕಿದೆ ಅಂತ 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದ ಹೇಳುತ್ತದೆ. ಆದರೆ ಯಾವ ದಾರಿ, ಯಾವ ಷರತ್ತು ಅನ್ನುವುದನ್ನು ಆಯಾ ದೇಶಗಳೇ ಮಾತಾಡಿಕೊಳ್ಳಬೇಕು ಅಂತಲೂ ಅದೇ ಹೇಳುತ್ತದೆ. ಹಾಗೆ ಮಾತಾಡುವಾಗ ಕಲ್ಕತ್ತಾ ಬಂದರು ಯಾರ ಕೈಯಲ್ಲಿದೆಯೋ ಅವರ ಮಾತಿಗೇ ತೂಕ ಜಾಸ್ತಿ, ಅಲ್ವಾ?

ಇನ್ನರ್ಧ ಉತ್ತರ ಇತಿಹಾಸದಲ್ಲಿದೆ. ಒಂದು ಕಾಲಕ್ಕೆ ನೇಪಾಳದ ಪೂರ್ವ ತುದಿಯಿಂದ ಪಶ್ಚಿಮ ತುದಿಗೆ ಹೋಗಬೇಕಾದರೆ ಭಾರತಕ್ಕೆ ಇಳಿದು, ನಮ್ಮ ರೈಲು ಹತ್ತಿ, ಮತ್ತೆ ಗಡಿ ದಾಟಬೇಕಿತ್ತು. ತಮ್ಮದೇ ದೇಶದೊಳಗೆ ಓಡಾಡಲು ಪಕ್ಕದ ದೇಶದ ರೈಲು! ತೆರಾಯಿಯ ಉದ್ದಕ್ಕೂ ಪೂರ್ವ–ಪಶ್ಚಿಮ ಹೆದ್ದಾರಿಯನ್ನು ತುಂಡು ತುಂಡಾಗಿ ಕಟ್ಟಿದ ಮೇಲೆ ಈ ಪಾಡು ತಪ್ಪಿತು. ಭಾರತ, ಸೋವಿಯತ್ ಒಕ್ಕೂಟ, ಅಮೆರಿಕ, ಬ್ರಿಟನ್ ಹೀಗೆ ಒಂದೊಂದು ತುಂಡಿಗೆ ಒಬ್ಬೊಬ್ಬರ ನೆರವು ಪಡೆದು ಕಟ್ಟಿದ್ದು ಅದು, ಶುರು ಮಾಡಿಸಿದವರು ರಾಜ ಮಹೇಂದ್ರ. ನೇಪಾಳದ ಸ್ವಾತಂತ್ರ್ಯದ ಕಥೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸುವುದು ಈ ರಸ್ತೆ. ಯಾರ ಮೇಲೂ ಸಿಟ್ಟು ತೀರಿಸಿಕೊಳ್ಳಲು ಕಟ್ಟಿದ್ದಲ್ಲ ಅದು. ಭಾರತದ ನೆರವೂ ಅದರಲ್ಲಿದೆ. ಆದರೂ ಅದರಿಂದ ನೇಪಾಳ ಮೊದಲಿಗಿಂತ ಸ್ವತಂತ್ರವಾಯಿತು.

ದುಡ್ಡಿನ ಕಥೆಯೂ ಹೀಗೇ. ಅಲ್ಲಿನ ಕೇಂದ್ರ ಬ್ಯಾಂಕು, ನೇಪಾಳ ರಾಷ್ಟ್ರ ಬ್ಯಾಂಕ್, ಹುಟ್ಟಿದ್ದೇ 1956ರಲ್ಲಿ. ಅಲ್ಲಿಯವರೆಗೆ ದೇಶದ ಎಷ್ಟೋ ಭಾಗದಲ್ಲಿ ಭಾರತದ ರೂಪಾಯಿಯೇ ಓಡುತ್ತಿತ್ತು. ಈಗ ಅವರ ರೂಪಾಯಿ ಅವರದೇ. ಆದರೆ 1993ರಿಂದ ನಮ್ಮ ಒಂದು ರೂಪಾಯಿಗೆ ಅವರ 1 ರೂಪಾಯಿ 60 ಪೈಸೆ ಅಂತ ಕಟ್ಟಿಹಾಕಿದ್ದಾರೆ. ಡಾಲರ್ ಎದುರು ನಮ್ಮ ರೂಪಾಯಿ ಬಿದ್ದರೆ ಅವರದೂ ಅಷ್ಟೇ ಬೀಳುತ್ತದೆ. ಬಡ್ಡಿ ದರದ ವಿಷಯದಲ್ಲೂ ಅವರು ನಮ್ಮ ರಿಸರ್ವ್ ಬ್ಯಾಂಕನ್ನು ನೋಡದೆ ಹೆಜ್ಜೆ ಇಡುವ ಹಾಗಿಲ್ಲ.

ಇದರ ಬಿಸಿ ಸಾಮಾನ್ಯ ಜನಕ್ಕೆ ಸರಿಯಾಗಿ ತಟ್ಟಿದ್ದು 2016ರ ನವೆಂಬರ್ 8ರಂದು. ಆ ರಾತ್ರಿ ನಮ್ಮಲ್ಲಿ 500, 1,000ದ ನೋಟು ರದ್ದಾಯಿತಲ್ಲ, ಆಗ ನೇಪಾಳದ ಲಕ್ಷಾಂತರ ಮನೆಗಳಲ್ಲಿ ಅದೇ ನೋಟುಗಳಿದ್ದವು. ಬೆಂಗಳೂರು, ದೆಹಲಿ, ಮುಂಬೈಗಳಲ್ಲಿ ದುಡಿದು ಊರಿಗೆ ಹೋದವರು ಕೈಯಲ್ಲಿ ಒಯ್ದಿದ್ದ ದುಡ್ಡು ಅದು. ಒಬ್ಬರು 25,000 ರೂಪಾಯಿವರೆಗೆ ಆ ನೋಟುಗಳನ್ನು ಇಟ್ಟುಕೊಳ್ಳಲು ಅದಕ್ಕೆ ಮೊದಲು ಕಾನೂನಿನಲ್ಲೇ ಅವಕಾಶ ಕೊಡಲಾಗಿತ್ತು. ನಮಗೆ ಬ್ಯಾಂಕಿನ ಮುಂದೆ ನಿಲ್ಲಲು ಒಂದು ಸರದಿಯಾದರೂ ಇತ್ತು. ಅವರಿಗೆ ಅದೂ ಇರಲಿಲ್ಲ. ನೇಪಾಳ ರಾಷ್ಟ್ರ ಬ್ಯಾಂಕ್ ಎಷ್ಟು ಕೇಳಿದರೂ, ವರ್ಷಗಳು ಕಳೆದರೂ ಆ ವಿಷಯ ಇತ್ಯರ್ಥವಾಗಲಿಲ್ಲ. ನಿಮ್ಮ ಸೆಕ್ಯೂರಿಟಿಯವರನ್ನು ಈ ಬಗ್ಗೆಯೂ ಒಮ್ಮೆ ಕೇಳಿ ನೋಡಿ.

ಈಗ ನಿಮ್ಮ ಚೀನಾ ಪ್ರಶ್ನೆಗೆ ಬರೋಣ. 2015ರಲ್ಲಿ ನೇಪಾಳಿಗಳಿಗೆ ಮೊದಲು ಹೊಳೆದದ್ದೂ ಇದೇ. ಆಗ ಚೀನಾ ಸುಮಾರು 1,000 ಟನ್ ಪೆಟ್ರೋಲನ್ನು ಉಚಿತವಾಗಿ ಕಳಿಸಿತು. ಜನಕ್ಕೆ ಅದು ದೊಡ್ಡ ಸಮಾಧಾನ ಕೊಟ್ಟಿತು. ಆದರೆ ದೇಶಕ್ಕೆ ಅದು ಕೆಲವೇ ದಿನಕ್ಕೆ ಸಾಲುವಷ್ಟು. 2016ರ ಮಾರ್ಚ್‌ನಲ್ಲಿ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗಿಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿ ಬಂದರು. 2019ರಲ್ಲಿ ಅದರ ನಿಯಮಾವಳಿಗೂ ಸಹಿಯಾಯಿತು. ತಿಯಾನ್‌ಜಿನ್, ಶೆನ್‌ಜೆನ್ ಸೇರಿ ಚೀನಾದ ನಾಲ್ಕು ಬಂದರುಗಳನ್ನು ನೇಪಾಳ ಬಳಸಬಹುದು ಅಂತಾಯಿತು. ಕಠ್ಮಂಡುವಿನಲ್ಲಿ ಸಂಭ್ರಮವೋ ಸಂಭ್ರಮ.

ಆದರೆ ದೂರ ನೋಡಿ. ಕಲ್ಕತ್ತಾದಿಂದ ಬೀರ್‌ಗಂಜ್‌ಗೆ ಹೆಚ್ಚು ಕಮ್ಮಿ 700 ಕಿಲೋಮೀಟರ್. ಬೀರ್‌ಗಂಜ್ ಪಕ್ಕದ ಸಿರ್ಸಿಯಾದ ಡಿಪೋವರೆಗೆ ರೈಲಿನಲ್ಲೇ ಕಂಟೇನರ್ ಬರುತ್ತದೆ. ತಿಯಾನ್‌ಜಿನ್‌ನಿಂದಾದರೆ 3,000 ಕಿಲೋಮೀಟರಿಗೂ ಜಾಸ್ತಿ. ಟಿಬೆಟ್ ಪ್ರಸ್ಥಭೂಮಿ ಹತ್ತಿ, ಆಮೇಲೆ ಹಿಮಾಲಯದ ಕಡಿದಾದ ಕಣಿವೆಗಳಲ್ಲಿ ಲಾರಿ ಇಳಿಯಬೇಕು. ಅಕ್ಕಿ, ಸಿಮೆಂಟು, ಡೀಸೆಲ್‌ನಂಥ ಭಾರದ ಸರಕಿಗೆ ಈ ಬಾಡಿಗೆ ಕಟ್ಟಿ ಯಾವ ವ್ಯಾಪಾರಿಯೂ ಉಳಿಯಲಾರ.

ಬಾಡಿಗೆಯನ್ನು ಹೇಗೋ ಹೊಂದಿಸಿಕೊಂಡರೂ ದಾರಿ ತೆರೆದಿರಬೇಕಲ್ಲ? ನೇಪಾಳದಿಂದ ಟಿಬೆಟ್ಟಿಗೆ ಮುಖ್ಯವಾಗಿ ಎರಡು ದಾರಿ. ಒಂದು ತಾತೋಪಾನಿ. 1960ರ ದಶಕದಲ್ಲಿ ಚೀನಾ ಕಟ್ಟಿಕೊಟ್ಟ ಅರನಿಕೊ ಹೆದ್ದಾರಿ ಅಲ್ಲಿಗೆ ಹೋಗುತ್ತದೆ. 2015ರ ಭೂಕಂಪದಲ್ಲಿ ಮುಚ್ಚಿದ ಆ ದಾರಿ ಮತ್ತೆ ತೆರೆದದ್ದು 2019ರಲ್ಲಿ. ಇನ್ನೊಂದು ರಸುವಾಗಢಿ. ಕೋವಿಡ್ ಕಾಲದಲ್ಲಿ ಚೀನಾ ಈ ಎರಡನ್ನೂ ತನಗೆ ಬೇಕಾದ ಹಾಗೆ ಮುಚ್ಚಿತು, ತೆರೆಯಿತು. ದಸೈಂ (ಅಲ್ಲಿನ ದಸರಾ) ಹಬ್ಬಕ್ಕೆ ತರಿಸಿದ ಬಟ್ಟೆ, ಚಪ್ಪಲಿ ತುಂಬಿದ ಕಂಟೇನರುಗಳು ಟಿಬೆಟ್ ಕಡೆಯಲ್ಲೇ ತಿಂಗಳುಗಟ್ಟಲೆ ನಿಂತವು. ಇದೂ ಒಂದು ಅಘೋಷಿತ ದಿಗ್ಬಂಧನವೇ ಅಂತ ಕಠ್ಮಂಡುವಿನ ವ್ಯಾಪಾರಿಗಳು ಗೋಳಾಡಿದರು. 2025ರ ಜುಲೈ 8ರಂದು ಟಿಬೆಟ್ ಕಡೆಯಿಂದ ನುಗ್ಗಿದ ಪ್ರವಾಹಕ್ಕೆ ರಸುವಾಗಢಿಯ ಸೇತುವೆಯೇ ಕೊಚ್ಚಿಹೋಯಿತು. ಗಡಿಯಲ್ಲಿ ನಿಲ್ಲಿಸಿದ್ದ ಕಂಟೇನರುಗಳು, ಹೊಚ್ಚ ಹೊಸ ಎಲೆಕ್ಟ್ರಿಕ್ ಕಾರುಗಳು ಕೂಡ ನೀರುಪಾಲಾದವು.

ಹಾಗಾದರೆ ಆ ಒಪ್ಪಂದ ಸುಮ್ನೆ ಕಾಗದವೇ? ಹಾಗೂ ಅಲ್ಲ. ಇಲ್ಲಿ ಯುರೋಪಿನ ಲಿಥುವೇನಿಯಾ ನೆನಪಾಗುತ್ತದೆ. ಆ ಪುಟ್ಟ ದೇಶಕ್ಕೆ ಗ್ಯಾಸ್ ಬರುತ್ತಿದ್ದದ್ದೇ ರಷ್ಯಾದಿಂದ. ಬೇರೆ ಯಾರೂ ಕೊಡುವವರಿಲ್ಲದ್ದರಿಂದ ರಷ್ಯಾದ ಅನಿಲ ಕಂಪನಿ ಗಾಜ್‌ಪ್ರೋಮ್ ಹೇಳಿದ್ದೇ ಬೆಲೆ. ಲಿಥುವೇನಿಯಾ ಕ್ಲೈಪೆಡಾ ಬಂದರಿನಲ್ಲಿ ದ್ರವ ಅನಿಲ ಇಳಿಸಿಕೊಳ್ಳಲು ಒಂದು ತೇಲುವ ಟರ್ಮಿನಲ್ ತರಿಸಿತು. ಆ ಹಡಗಿಗೆ ‘ಇಂಡಿಪೆಂಡೆನ್ಸ್’ ಅಂತಲೇ ಹೆಸರು. ಅದು ಬಂದು ನಿಂತದ್ದು 2014ರ ಅಕ್ಟೋಬರ್‌ನಲ್ಲಿ. ಆದರೆ ಗಾಜ್‌ಪ್ರೋಮ್ ತನ್ನ ಬೆಲೆಯನ್ನು ಸುಮಾರು ಐದನೇ ಒಂದು ಭಾಗ ಇಳಿಸಲು ಒಪ್ಪಿದ್ದು ಅದೇ ವರ್ಷದ ಮೇನಲ್ಲಿ. ಹಡಗಿನ್ನೂ ಬಂದೇ ಇರಲಿಲ್ಲ! ಬರುತ್ತದೆ ಅಂತ ಖಾತ್ರಿಯಾದದ್ದೇ ಸಾಕಾಯಿತು. 2025ರ ಫೆಬ್ರವರಿಯಲ್ಲಿ ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಮೂರೂ ರಷ್ಯಾದ ವಿದ್ಯುತ್ ಜಾಲದಿಂದಲೂ ಕಳಚಿಕೊಂಡು ಯುರೋಪಿನ ಜಾಲಕ್ಕೆ ಸೇರಿದವು.

ಎರಡನೇ ದಾರಿಯ ಬೆಲೆ ಇರುವುದೇ ಇಲ್ಲಿ. ಅದನ್ನು ದಿನಾ ಬಳಸಬೇಕು ಅಂತೇನಿಲ್ಲ. ಮೊದಲ ದಾರಿಯವನ ಜೊತೆ ಚೌಕಾಸಿ ಮಾಡುವಾಗ ಅದು ಕೆಲಸಕ್ಕೆ ಬರುತ್ತದೆ. ಆದರೆ ಎದುರಿಗಿದ್ದವನು ಅದನ್ನು ನಂಬಬೇಕು. ಲಿಥುವೇನಿಯಾಕ್ಕೆ ಸಮುದ್ರವಿತ್ತು, ಬೆನ್ನಿಗೆ ಯುರೋಪಿಯನ್ ಒಕ್ಕೂಟವಿತ್ತು. ಹಾಗಾಗಿ ರಷ್ಯಾ ನಂಬಿತು. ಸಿಮೆಂಟು, ಡೀಸೆಲ್ ಎಲ್ಲ ತಿಯಾನ್‌ಜಿನ್‌ನಿಂದ ಬರುತ್ತದೆ ಅಂದರೆ ದೆಹಲಿಯಲ್ಲಿ ನಂಬುವವರು ಯಾರು? ಅಷ್ಟಾದರೂ ಆ ಒಪ್ಪಂದದಿಂದ ಸ್ವಲ್ಪ ಉಪಕಾರವಾಯಿತು ಅಂತಲೇ ನನ್ನ ಲೆಕ್ಕ. ನೇಪಾಳ ಉತ್ತರಕ್ಕೆ ತಿರುಗುತ್ತಿದೆ ಅಂತ ಕಂಡಮೇಲೆ ಭಾರತ ಕಲ್ಕತ್ತಾ ಜೊತೆಗೆ ವಿಶಾಖಪಟ್ಟಣವನ್ನೂ ಕೊಟ್ಟಿತು. ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮ್ಲೇಖ್‌ಗಂಜ್‌ಗೆ 69 ಕಿಲೋಮೀಟರಿನ ಡೀಸೆಲ್ ಪೈಪ್‌ಲೈನ್ ಹಾಕುವ ಮಾತು ವರ್ಷಗಟ್ಟಲೆ ಎಳೆದಾಡುತ್ತಿತ್ತು. ಅದು ಬೇಗ ಮುಗಿದು 2019ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಟ್ಯಾಂಕರ್ ಬಾಡಿಗೆ ಉಳಿಯಿತು, ಕಲಬೆರಕೆ ತಗ್ಗಿತು. ಅದರ ಜೊತೆಗೆ, ಇಂಧನಕ್ಕೆ ಭಾರತದ ಮೇಲಿನ ಅವಲಂಬನೆ ಕಬ್ಬಿಣದ ಕೊಳವೆಯಾಗಿ ನೆಲದಲ್ಲಿ ಕೂತುಬಿಟ್ಟಿತು.

ನಿಜವಾದ ಬದಲಾವಣೆ ಬಂದದ್ದು ನೇಪಾಳದ ಒಳಗಿನಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2015ರ ಆ ತಿಂಗಳುಗಳಲ್ಲಿ ಕಠ್ಮಂಡುವಿನ ಅಂಗಡಿಗಳಲ್ಲಿ ಇಂಡಕ್ಷನ್ ಒಲೆಗಳು ಖಾಲಿಯಾದವು. ಗ್ಯಾಸಿಲ್ಲ, ಕರೆಂಟಾದರೂ ಇದೆಯಲ್ಲ ಅಂತ ಜನ ಕೊಂಡರು. ಆದರೆ ಕರೆಂಟೂ ಸರಿಯಾಗಿ ಇರಲಿಲ್ಲ. ಹಿಮಾಲಯದಿಂದ ಇಷ್ಟೊಂದು ನದಿಗಳು ಇಳಿಯುವ ದೇಶದಲ್ಲಿ ಚಳಿಗಾಲ ಬಂದರೆ ದಿನಕ್ಕೆ ಹತ್ತಾರು ಗಂಟೆ ಲೋಡ್ ಶೆಡ್ಡಿಂಗ್ ಮಾಮೂಲಿಯಾಗಿತ್ತು. 2016ರಲ್ಲಿ ಕುಲ್ಮಾನ್ ಘಿಸಿಂಗ್ ಎಂಬ ಎಂಜಿನಿಯರ್ ನೇಪಾಳ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾದರು. ಮನೆಗಳು ಕತ್ತಲಲ್ಲಿದ್ದಾಗ ಕೆಲವು ಕಾರ್ಖಾನೆಗಳಿಗೆ ಇಡೀ ದಿನ ಕರೆಂಟ್ ಹೋಗುತ್ತಿತ್ತು. ಅದನ್ನು ಅವರು ನಿಲ್ಲಿಸಿದರು. ಆ ವರ್ಷದ ದೀಪಾವಳಿಯ ಲಕ್ಷ್ಮೀಪೂಜೆಯಿಂದ ಕಠ್ಮಂಡುವಿನಲ್ಲಿ ಲೋಡ್ ಶೆಡ್ಡಿಂಗ್ ತಪ್ಪಿತು. ಅವರು ಅಲ್ಲಿ ಮನೆಮಾತಾದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಬೆಳಕಿನಲ್ಲಿ ಭಾರತದ ಕರೆಂಟೂ ಇತ್ತು. ಅದೇ ವರ್ಷ ಬಿಹಾರದ ಮುಜಫ್ಫರ್‌ಪುರದಿಂದ ನೇಪಾಳದ ಧಲ್ಕೇಬರ್‌ಗೆ ಹೊಸ ವಿದ್ಯುತ್ ಮಾರ್ಗ ಶುರುವಾಗಿ ಆಮದು ಹೆಚ್ಚಿತ್ತು.

ಆಮೇಲೆ ಅವರದೇ ಯೋಜನೆಗಳು ಒಂದೊಂದಾಗಿ ಮುಗಿಯತೊಡಗಿದವು. ಅದರಲ್ಲಿ ಅಪ್ಪರ್ ತಾಮಾಕೋಶಿಯನ್ನು ಹತ್ತಿರದಿಂದ ನೋಡಬೇಕು. ದೋಲಖಾ ಜಿಲ್ಲೆಯಲ್ಲಿರುವ 456 ಮೆಗಾವ್ಯಾಟ್ ಜಲವಿದ್ಯುತ್ ಯೋಜನೆ ಅದು. ವಿಶ್ವಬ್ಯಾಂಕಿನ ಸಾಲವಿಲ್ಲ, ಭಾರತದ ಸಾಲವಿಲ್ಲ, ಚೀನಾದ ಸಾಲವೂ ಇಲ್ಲ. ನೌಕರರ ಭವಿಷ್ಯನಿಧಿ, ನೇಪಾಳ ಟೆಲಿಕಾಂ, ವಿಮಾ ಸಂಸ್ಥೆಯಂಥ ಒಳಗಿನ ದುಡ್ಡು. ದೋಲಖಾದ ಜನಕ್ಕೆ ಅಂತಲೇ ಶೇ. 10ರಷ್ಟು ಷೇರು ಮೀಸಲಿಟ್ಟರು. ಭೂಕಂಪಕ್ಕೆ ಸಿಕ್ಕಿ, ದಿಗ್ಬಂಧನಕ್ಕೆ ಸಿಕ್ಕಿ ಕೆಲಸ ವರ್ಷಗಟ್ಟಲೆ ತಡವಾಯಿತು. ಖರ್ಚು ಅಂದಾಜು ಮೀರಿ ಬೆಳೆಯಿತು. ಆದರೂ 2021ರಲ್ಲಿ ಕರೆಂಟ್ ಬಂತು. ಯಾರೋ ಕಟ್ಟಿಸಿಕೊಟ್ಟ ಅಣೆಕಟ್ಟಿಗೂ, ತಮ್ಮ ಪಿ.ಎಫ್. ದುಡ್ಡಿನಲ್ಲಿ ಎದ್ದ ಯೋಜನೆಗೂ ಜನರ ಮನಸ್ಸಿನಲ್ಲಿ ತುಂಬ ವ್ಯತ್ಯಾಸವಿದೆ. 1954ರ ಕೋಸಿ, 1959ರ ಗಂಡಕ್ ಒಪ್ಪಂದಗಳಲ್ಲಿ ನೀರಿನ ಲಾಭವೆಲ್ಲ ಭಾರತಕ್ಕೆ ಹೋಯಿತು ಅನ್ನುವ ನೋವು ಅಲ್ಲಿ ಇಂದಿಗೂ ಇದೆ.

ಈ ಕರೆಂಟಿನಿಂದ ಏನಾಯಿತು? ಸರ್ಕಾರ ಪೆಟ್ರೋಲ್ ಕಾರಿನ ಮೇಲೆ ಕಾರಿನ ಬೆಲೆಗಿಂತಲೂ ಜಾಸ್ತಿ ತೆರಿಗೆ ಹಾಕಿ, ಎಲೆಕ್ಟ್ರಿಕ್ ಕಾರಿಗೆ ಬಹಳ ಕಡಿಮೆ ಇಟ್ಟಿತು. ಈಗ ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಮುಕ್ಕಾಲು ಭಾಗದಷ್ಟು ಎಲೆಕ್ಟ್ರಿಕ್. ನಮ್ಮ ಬೆಂಗಳೂರೂ ಆ ಮಟ್ಟಕ್ಕೆ ಬಂದಿಲ್ಲ. ಬಯಲಿನಿಂದ ಕಠ್ಮಂಡುವಿಗೆ ಬೆಟ್ಟ ಹತ್ತುವ ಮಿನಿ ಬಸ್ಸುಗಳೂ ಕರೆಂಟಿನಲ್ಲಿ ಓಡುತ್ತಿವೆ. ದಾರಿಯ ಢಾಬಾಗಳಲ್ಲಿ ಚಾರ್ಜಿಂಗ್ ಪಾಯಿಂಟ್ ಇವೆ. ಗಾಡಿ ಚಾರ್ಜ್ ಆಗುವಷ್ಟರಲ್ಲಿ ಪ್ರಯಾಣಿಕರ ದಾಲ್–ಭಾತ್ ಊಟವೂ ಮುಗಿಯುತ್ತದೆ. ಆ ಗಾಡಿಗೆ ರಕ್ಸೌಲ್ ಸೇತುವೆಯಲ್ಲಿ ಧರಣಿಯಾದರೆ ಏನೂ ಆಗುವುದಿಲ್ಲ.

ಆದರೆ ಆ ಕಾರುಗಳು ಬಹುಪಾಲು ಚೀನಾದವು. ಬ್ಯಾಟರಿ ಕೆಟ್ಟರೆ, ಬಿಡಿಭಾಗ ಬೇಕಾದರೆ ಅಲ್ಲಿಂದಲೇ ಬರಬೇಕು. ಒಂದು ನೆರೆಯವರ ಪೆಟ್ರೋಲ್ ಬಿಟ್ಟು ಇನ್ನೊಂದು ನೆರೆಯವರ ಕಾರು ಹಿಡಿದಂತಾಯಿತಲ್ಲ ಅಂತ ನೀವು ಕೇಳಬಹುದು. ನನ್ನ ಪ್ರಕಾರ ಎರಡೂ ಒಂದೇ ಅಲ್ಲ. ಪೆಟ್ರೋಲ್ ದಿನಾ ಬೇಕು. ನಾಳೆ ಬರಲಿಲ್ಲ ಅಂದರೆ ನಾಳೆಯೇ ಬಸ್ಸು ನಿಲ್ಲುತ್ತದೆ. ಕಾರು ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ಸಾಮಾನು. ಚೀನಾ ನಾಳೆ ಗಡಿ ಮುಚ್ಚಿದರೆ ಹೊಸ ಕಾರು ಬರುವುದಿಲ್ಲ, ಇರುವ ಕಾರು ಓಡುತ್ತಲೇ ಇರುತ್ತದೆ. ಎಷ್ಟು ಕೊಳ್ಳುತ್ತೇವೆ ಅನ್ನುವುದಕ್ಕಿಂತ, ಅದು ನಿಂತರೆ ಎಷ್ಟು ದಿನ ತಡೆದುಕೊಳ್ಳುತ್ತೇವೆ ಅನ್ನುವುದನ್ನು ಲೆಕ್ಕ ಹಾಕಬೇಕು. 2015ರಲ್ಲಿ ನೇಪಾಳದ ತೈಲ ದಾಸ್ತಾನು ಕೆಲವೇ ದಿನಗಳದ್ದಾಗಿತ್ತು. ಅವರನ್ನು ಹೆಡೆಮುರಿ ಕಟ್ಟಿದ್ದು ಆ ಖಾಲಿ ಟ್ಯಾಂಕುಗಳು.

ಇದರಲ್ಲಿ ಎರಡು ಸಮಸ್ಯೆ ಉಳಿದಿವೆ. ಒಂದು, ಚಳಿಗಾಲ. ಅಲ್ಲಿನ ಹೆಚ್ಚಿನ ಯೋಜನೆಗಳು ಹರಿಯುವ ನೀರಿನಲ್ಲೇ ಕರೆಂಟ್ ಮಾಡುವಂಥವು. ನೀರು ಕೂಡಿಡುವ ದೊಡ್ಡ ಜಲಾಶಯಗಳಿಲ್ಲ. ನಮ್ಮ ಲಿಂಗನಮಕ್ಕಿಯ ಹಾಗೆ ಮಳೆಗಾಲದ ನೀರನ್ನು ಬೇಸಿಗೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ಒಣ ತಿಂಗಳುಗಳಲ್ಲಿ ಉತ್ಪಾದನೆ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ ಮತ್ತೆ ಭಾರತದಿಂದ ಕೊಳ್ಳಬೇಕು. ಮಳೆಗಾಲದಲ್ಲಿ ಹೆಚ್ಚಾದದ್ದನ್ನು ಮಾರಬೇಕು. 2023–24ರ ಹಣಕಾಸು ವರ್ಷದಲ್ಲಿ ನೇಪಾಳ ಮೊದಲ ಸಲ ಕೊಂಡದ್ದಕ್ಕಿಂತ ಹೆಚ್ಚು ಕರೆಂಟ್ ಮಾರಿತು.

ಮಾರುವುದು ಯಾರಿಗೆ? ಎರಡನೇ ಸಮಸ್ಯೆ ಇದು. ತಂತಿ ಹೋಗುವುದು ಭಾರತದ ಕಡೆಗೆ ಮಾತ್ರ. 2021ರ ನವೆಂಬರ್‌ನಲ್ಲಿ ನಮ್ಮ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನೇಪಾಳಕ್ಕೆ ಮಾರಲು ಅವಕಾಶ ಸಿಕ್ಕಿತು. ಮೊದಲಿಗೆ 39 ಮೆಗಾವ್ಯಾಟ್, ಅದೂ ಭಾರತದ ನೆರವಿನಲ್ಲಿ ಕಟ್ಟಿದ ಎರಡು ಯೋಜನೆಗಳಿಂದ. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟ್‌ವರೆಗೆ ಕೊಳ್ಳುವ ಒಪ್ಪಂದವಾಯಿತು. ಆದರೆ ಚೀನಾದ ಬಂಡವಾಳವೋ ಚೀನಾದ ಗುತ್ತಿಗೆದಾರರೋ ಇದ್ದ ಯೋಜನೆಯ ಕರೆಂಟನ್ನು ಭಾರತ ಮುಟ್ಟುವುದಿಲ್ಲ. ಪೊಖರಾದ ಹೊಸ ವಿಮಾನ ನಿಲ್ದಾಣಕ್ಕೂ ಇಂಥದ್ದೇ ಗತಿ. ಚೀನಾದ ಸಾಲದಲ್ಲಿ ಕಟ್ಟಿ 2023ರ ಜನವರಿ 1ಕ್ಕೆ ತೆರೆದರು. ಪಶ್ಚಿಮದ ಕಡೆಯಿಂದ ಬೇಕಾದ ವಾಯುಮಾರ್ಗ ಭಾರತದಿಂದ ಸಿಕ್ಕಿಲ್ಲ. ವಿದೇಶಿ ವಿಮಾನಗಳು ಅಲ್ಲಿ ಅಪರೂಪ. ಸಾಲದ ಕಂತು ಮಾತ್ರ ತಪ್ಪುವುದಿಲ್ಲ. (ಪೊಖರಾಕ್ಕೂ ನಮಗೂ ಹಳೆಯ ನಂಟಿದೆ. 1994ರಲ್ಲೇ ನಮ್ಮ ಮಣಿಪಾಲದವರು ಅಲ್ಲೊಂದು ವೈದ್ಯಕೀಯ ಕಾಲೇಜು ತೆರೆದರು.)

ಸರಕು ವ್ಯಾಪಾರದಲ್ಲಿ ಸುಧಾರಣೆ ಕಡಿಮೆ. ನೇಪಾಳದ ಒಟ್ಟು ವಿದೇಶಿ ವ್ಯಾಪಾರದಲ್ಲಿ ಮೂರನೇ ಎರಡು ಭಾಗದ ಹತ್ತಿರ ಭಾರತದ ಜೊತೆಗೇ. ಅವರು ನಮಗೆ ಮಾರುವ ಸರಕಿನಲ್ಲಿ ಇತ್ತೀಚೆಗೆ ಮುಂದಿರುವುದು ಅಡುಗೆ ಎಣ್ಣೆ. ವಿಚಿತ್ರ ಅಂದರೆ ನೇಪಾಳದಲ್ಲಿ ತಾಳೆ ಬೆಳೆಯುವುದಿಲ್ಲ, ಸೋಯಾ ಬೆಳೆಯುವುದೂ ಅಷ್ಟಕ್ಕಷ್ಟೇ. ಕಚ್ಚಾ ಎಣ್ಣೆಯನ್ನು ಹೊರಗಿನಿಂದ ತರಿಸಿ, ಶುದ್ಧ ಮಾಡಿ, ಸುಂಕವಿಲ್ಲದೆ ಭಾರತಕ್ಕೆ ಕಳಿಸುತ್ತಾರೆ. ಬೇರೆ ದೇಶಗಳ ಎಣ್ಣೆಗೆ ನಾವು ಸುಂಕ ಏರಿಸಿದರೆ ಈ ವ್ಯಾಪಾರ ಹಿಗ್ಗುತ್ತದೆ. 2020ರಲ್ಲಿ ಶುದ್ಧೀಕರಿಸಿದ ತಾಳೆ ಎಣ್ಣೆಯ ಆಮದಿಗೆ ದೆಹಲಿ ತಡೆ ಹಾಕಿದಾಗ ಅದು ಒಮ್ಮೆಲೇ ಕುಸಿಯಿತು. ನಮ್ಮ ಸುಂಕದ ಪಟ್ಟಿ ಹಿಡಿದು ಕಟ್ಟಿದ ಇಂಥ ಕಾರ್ಖಾನೆಗಳಿಂದ ನೇಪಾಳಕ್ಕೆ ಉಳಿಯುವುದು ಸ್ವಲ್ಪವೇ. ಶುಂಠಿ, ದೊಡ್ಡ ಏಲಕ್ಕಿ, ಇಲಾಮ್ ಚಹಾ ಇವೆಲ್ಲ ಅಸಲಿ ನೇಪಾಳದ ಬೆಳೆಗಳು. ಆದರೆ ಗಡಿಯಲ್ಲಿ ತಪಾಸಣೆ, ಪ್ರಮಾಣಪತ್ರ ಅಂತ ಶುಂಠಿ ಲಾರಿಗಳು ದಿನಗಟ್ಟಲೆ ನಿಂತು ಮಾಲು ಹಾಳಾದ ಉದಾಹರಣೆ ಬೇಕಷ್ಟಿವೆ. ಶುಂಠಿ ಬೆಳೆಯುವ ನಮ್ಮ ಹಾಸನ, ಶಿವಮೊಗ್ಗದ ರೈತರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಈರುಳ್ಳಿಯದೂ ಇದೇ ಪಾಡು. 2023ರ ಡಿಸೆಂಬರ್‌ನಲ್ಲಿ ಇಲ್ಲಿನ ಬೆಲೆ ಇಳಿಸಲು ದೆಹಲಿ ಈರುಳ್ಳಿ ರಫ್ತು ನಿಲ್ಲಿಸಿತು. ಇಲ್ಲಿ ನಮ್ಮ ಬೆಳೆಗಾರರು ಬೈದರು, ಅಲ್ಲಿ ಕಠ್ಮಂಡುವಿನ ಗ್ರಾಹಕರು ಬೈದರು. ನೇಪಾಳಕ್ಕೆ ಪಾಠ ಕಲಿಸುವ ಉದ್ದೇಶ ಆ ಆದೇಶದಲ್ಲಿ ಇರಲೇ ಇಲ್ಲ. ನೇಪಾಳದ ನೆನಪೇ ಯಾರಿಗೂ ಬಂದಿರಲಿಕ್ಕಿಲ್ಲ. ದೊಡ್ಡ ದೇಶದ ಪಕ್ಕದಲ್ಲಿರುವುದರ ಕಷ್ಟಗಳಲ್ಲಿ ಇದೂ ಒಂದು. ಬೇಕಂತಲೇ ಕೊಟ್ಟ ಪೆಟ್ಟಿಗಿಂತ ಗಮನವಿಲ್ಲದೆ ಬಿದ್ದ ಪೆಟ್ಟುಗಳೇ ಜಾಸ್ತಿ.

ಇದೆಲ್ಲದರ ನಡುವೆ ಆ ದೇಶವನ್ನು ನಡೆಸುತ್ತಿರುವುದು ಹೊರಗೆ ದುಡಿಯುವವರ ದುಡ್ಡು. ಅದು ಜಿಡಿಪಿಯ ಕಾಲು ಭಾಗದಷ್ಟಿದೆ. ಕತಾರ್, ಸೌದಿ, ಯುಎಇ, ಮಲೇಷ್ಯಾಗಳಿಂದ ತುಂಬ ಬರುತ್ತದೆ, ಭಾರತದಿಂದಲೂ ಬರುತ್ತದೆ. ಭಾರತ–ನೇಪಾಳಗಳ 1950ರ ಒಪ್ಪಂದದಿಂದಾಗಿ ನೇಪಾಳಿಗಳಿಗೆ ಇಲ್ಲಿಗೆ ಬರಲು ವೀಸಾ ಬೇಡ, ಕೆಲಸಕ್ಕೆ ಪರವಾನಗಿ ಬೇಡ. ಬೆಂಗಳೂರಿನ ಹೋಟೆಲುಗಳ ಅಡುಗೆಮನೆಗಳಲ್ಲಿ, ಅಪಾರ್ಟ್‌ಮೆಂಟುಗಳ ಗೇಟುಗಳಲ್ಲಿ ನೀವು ನೋಡುವುದು ಅದನ್ನೇ. ಆ ಒಪ್ಪಂದ ಸಮಾನರ ನಡುವಿನದ್ದಲ್ಲ ಅಂತ ಕಠ್ಮಂಡುವಿನ ನಾಯಕರು ಎಷ್ಟೋ ಸಲ ಹೇಳಿದ್ದಾರೆ. ಹರಿದು ಹಾಕಲು ಯಾರೂ ಮುಂದಾಗಿಲ್ಲ. ಈ ತೆರೆದ ಗಡಿ ಬಡ ನೇಪಾಳಿಯ ಕೊನೆಯ ಆಸರೆ. ಕೊಲ್ಲಿ ದೇಶಕ್ಕೆ ಹೋಗಲು ಏಜೆಂಟನಿಗೆ ಕೊಡಲು ದುಡ್ಡಿಲ್ಲದವನು ಬಸ್ಸು ಹತ್ತಿ ಗೋರಖ್‌ಪುರಕ್ಕೆ ಬಂದು ಅಲ್ಲಿಂದ ರೈಲು ಹಿಡಿಯುತ್ತಾನೆ. ಸ್ವಾವಲಂಬನೆಯ ಹೆಸರಿನಲ್ಲಿ ಈ ಬಾಗಿಲು ಮುಚ್ಚಬೇಕು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಬೆಲೆ ತೆರುವವರು ಆ ಮಾತಾಡುವವರಲ್ಲ.

ನಿಮ್ಮ ಕೊನೆಯ ಪ್ರಶ್ನೆ: ಇಂಥ ಅವಲಂಬನೆ ನಮಗೆ ಒಳ್ಳೆಯದಲ್ಲವೇ? 2015ನ್ನೇ ನೋಡಿ. ಭೂಕಂಪವಾದಾಗ ಮೊದಲು ಓಡಿಹೋದವರು ನಾವು. ಕೆಲವೇ ಗಂಟೆಗಳಲ್ಲಿ ನಮ್ಮ ವಿಮಾನಗಳು ಅಲ್ಲಿ ಇಳಿದಿದ್ದವು. ಆ ಒಳ್ಳೆಯ ಹೆಸರೆಲ್ಲ ಐದೇ ತಿಂಗಳಲ್ಲಿ ಕರಗಿತು. ಭಾರತದ ಎದುರು ನಿಂತವರು ಅನ್ನುವ ಹೆಸರಿನಿಂದ 2017ರ ಚುನಾವಣೆಯಲ್ಲಿ ಓಲಿ ದೊಡ್ಡ ಗೆಲುವು ಪಡೆದರು. ಮಧೇಶಿಗಳ ಮುಖ್ಯ ಬೇಡಿಕೆಗಳೂ ಪೂರ್ತಿ ಈಡೇರಲಿಲ್ಲ. ಒತ್ತಡ ಹಾಕಿ ನಾವು ಪಡೆದದ್ದಾದರೂ ಏನು?

ನನಗೆ ಸರಿ ಅನ್ನಿಸುವ ದಾರಿ ಬೇರೆಯೇ. 2024ರ ಅಕ್ಟೋಬರ್‌ನಲ್ಲಿ ನೇಪಾಳ, ಭಾರತ, ಬಾಂಗ್ಲಾದೇಶ ಮೂರೂ ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಮಳೆಗಾಲದ ತಿಂಗಳುಗಳಲ್ಲಿ ನೇಪಾಳದ 40 ಮೆಗಾವ್ಯಾಟ್ ಕರೆಂಟ್ ನಮ್ಮ ತಂತಿಗಳಲ್ಲಿ ಹರಿದು ಬಾಂಗ್ಲಾದೇಶಕ್ಕೆ ಹೋಗುತ್ತದೆ. ಪ್ರಮಾಣ ಚಿಕ್ಕದು. ಆದರೆ ನೇಪಾಳಕ್ಕೆ ಭಾರತವಲ್ಲದ ಒಬ್ಬ ಗಿರಾಕಿ ಸಿಕ್ಕಿದ್ದು ಇದೇ ಮೊದಲು. ಅದೂ ಭಾರತವೇ ದಾರಿ ಕೊಟ್ಟದ್ದರಿಂದ. ಈ 40 ಮೆಗಾವ್ಯಾಟ್ 400 ಆಗಬೇಕು. ಪೊಖರಾಕ್ಕೆ ವಾಯುಮಾರ್ಗ ಕೊಡಬೇಕು. ಜನ ಉಳಿಸಿಕೊಂಡ ಆ ಹಳೆಯ ನೋಟುಗಳನ್ನು, ಒಬ್ಬರಿಗೆ ಇಷ್ಟು ಅಂತ ಮಿತಿ ಹಾಕಿಯಾದರೂ, ಬದಲಿಸಿಕೊಡಬೇಕು. ನೇಪಾಳದ ಸರ್ಕಾರ ತನ್ನ ಕಡೆಯಿಂದ ಇಂಧನದ ದಾಸ್ತಾನನ್ನು ಕೆಲವು ದಿನಗಳಿಂದ ಕೆಲವು ತಿಂಗಳಿಗೆ ಏರಿಸಬೇಕು, ಚಳಿಗಾಲಕ್ಕೆ ನೀರು ಕೂಡಿಡುವ ಜಲಾಶಯದ ಕೆಲಸವನ್ನು ಮುಂದೂಡುವುದು ನಿಲ್ಲಿಸಬೇಕು. ಇವುಗಳಲ್ಲಿ ಯಾವುದಕ್ಕೂ ಗಡಿ ಮುಚ್ಚಬೇಕಾಗಿಲ್ಲ, ಯಾರ ಜೊತೆಗೂ ಜಗಳವಾಡಬೇಕಾಗಿಲ್ಲ.